ಮೇಣದಬತ್ತಿ ಬೆಳಕಿನ ಸ್ಟಾಪ್ ಮೋಷನ್: ಚಿತ್ರ ಪಕಪಕ ಹೊಡೆದುಕೊಂಡರೆ ತಪ್ಪು ಹುಡುಕುವುದು ಹೇಗೆ

ಗೊಂಬೆಯನ್ನು ತುಸು ತುಸುವೇ ಸರಿಸಿ, ಪ್ರತಿ ಸಲ ಒಂದು ಫೋಟೋ ತೆಗೆದು, ಎಲ್ಲವನ್ನೂ ಸಾಲಾಗಿ ಓಡಿಸಿ ನಡೆದಾಡಿಸುವುದೇ ಸ್ಟಾಪ್ ಮೋಷನ್. ಮೊದಲ ರಾತ್ರಿ ನಾವು ತೆಗೆದದ್ದು 84 ಫೋಟೋ. ಸೆಕೆಂಡಿಗೆ 12ರಂತೆ ಲೆಕ್ಕ ಹಾಕಿದರೆ ಏಳು ಸೆಕೆಂಡಿನ ಚಿತ್ರ. ಮೇಣದ ಒಂದು ಪುಟ್ಟ ಮನೆ, ಅದರ ಮುಂದೆ ಕ್ಲೇಯಲ್ಲಿ ಮಾಡಿದ ಅಜ್ಜಿ, ಎಡಗಡೆ ಉರಿಯುತ್ತಿರುವ ಒಂದು ಮೇಣದಬತ್ತಿ. ಅಜ್ಜಿ ಬಾಗಿಲಿಂದ ಹೊರಗೆ ಬಂದು, ಅಂಗಳದಲ್ಲಿ ನಿಂತು ಕೈ ಮುಗಿಯಬೇಕು. ಕಥೆ ಇಷ್ಟೇ. ಮುಂಬಯಿ ಹತ್ತಿರದ ಡೊಂಬಿವಲಿಯ ನಮ್ಮ ಮನೆಯ ಊಟದ ಮೇಜಿನ ಮೇಲೆ, ಕಿಟಕಿ ಮುಚ್ಚಿ, ಫ್ಯಾನ್ ಆರಿಸಿ, ಸುಮಾರು ಒಂದು ಗಂಟೆ ಕೂತು ತೆಗೆದೆವು. ಲ್ಯಾಪ್‌ಟಾಪಿನಲ್ಲಿ ಓಡಿಸಿ ನೋಡಿದರೆ ಅಜ್ಜಿ ಚೆನ್ನಾಗಿಯೇ ನಡೆದಿದ್ದಳು. ಆದರೆ ಬೆಳಕು ಪಕಪಕ ಅಂತ ಹೊಡೆದುಕೊಳ್ಳುತ್ತಿತ್ತು.

"ಅತ್ತೆ, ಸ್ಟಾರ್ಟರ್ ಹೋದ ಟ್ಯೂಬ್‌ಲೈಟ್ ಥರ ಇದೆ," ಅಂದ ನನ್ನ ಅಣ್ಣನ ಮಗ. "ಈ ಮೇಣದಬತ್ತಿ ಸರಿಯಿಲ್ಲ. ಬೇರೆ ತರೋಣ."

ತಂದೆವು. ದಪ್ಪದ್ದು, ಸಪೂರದ್ದು, ಕಿರಾಣಿ ಅಂಗಡಿಯದ್ದು, ಚರ್ಚ್ ಮುಂದೆ ಮಾರುವ ಉದ್ದದ್ದು. ನಾಲ್ಕು ರಾತ್ರಿ ಹೋಯಿತು, ಯಾವುದರಿಂದಲೂ ಪ್ರಯೋಜನ ಆಗಲಿಲ್ಲ. ಕೊನೆಗೆ ಗೊತ್ತಾದದ್ದು ಏನೆಂದರೆ, ನಮ್ಮ ಚಿತ್ರದಲ್ಲಿ ಮೂರು ತಪ್ಪು ಒಟ್ಟಿಗೇ ಸೇರಿಕೊಂಡಿದ್ದವು. ಒಂದು ಲೆನ್ಸ್ ಒಳಗೆ, ಒಂದು ಹುಡುಗನ ಟೀ ಶರ್ಟಿನಲ್ಲಿ. ಮೂರನೆಯದು ಮಾತ್ರ ಮೇಣದಬತ್ತಿಯದ್ದು. ಒಂದನ್ನು ಸರಿ ಮಾಡಿದರೂ ಉಳಿದೆರಡು ಇರುತ್ತಿದ್ದವು. ಹಾಗಾಗಿ ಸರಿ ಮಾಡಿದ್ದೂ ಸರಿಯಾದಂತೆ ಕಾಣುತ್ತಿರಲಿಲ್ಲ.

ಈ ಕೆಲಸ ಮಾಡುವವರು ಮೊದಲು ದೂರುವುದು ಉರಿಯನ್ನೇ. ಅದು ಕಣ್ಣೆದುರೇ ಅಲುಗುತ್ತದೆ, ಅದಕ್ಕೆ. ಕ್ಯಾಮೆರಾ ಒಳಗೆ ಅಲುಗುವುದು ನಮಗೆ ಕಾಣುವುದಿಲ್ಲ. ಅದಕ್ಕೇ ನಾನು ಹೇಳುವುದು, ತಪ್ಪು ಯಾರದ್ದು ಅಂತ ಗೊತ್ತಾಗುವ ತನಕ ಮೇಣದಬತ್ತಿ ಮುಟ್ಟಬೇಡಿ.

ಸಾಕ್ಷಿ ಚೀಟಿ

ನಮಗೆ ದಾರಿ ತೋರಿಸಿದ್ದು ವಿಸಿಟಿಂಗ್ ಕಾರ್ಡ್ ಅಳತೆಯ ಒಂದು ಬಿಳಿ ಕಾಗದ. ಅದನ್ನು ಚಿತ್ರದ ಕೆಳಗಿನ ಬಲ ಮೂಲೆಯಲ್ಲಿ ನಿಲ್ಲಿಸಿ. ಕೊನೆಗೆ ಆ ಮೂಲೆಯನ್ನು ಕತ್ತರಿಸಿ ತೆಗೆಯಬಹುದು, ಅಷ್ಟು ಜಾಗ ಬಿಟ್ಟು ಫ್ರೇಮ್ ಇಡಿ. ಮೇಣದಬತ್ತಿಯ ಬೆಳಕು ಅದರ ಮೇಲೆ ಬೀಳದ ಹಾಗೆ ನಡುವೆ ಒಂದು ರಟ್ಟು ಅಡ್ಡ ನಿಲ್ಲಿಸಿ. ಬ್ಯಾಟರಿಯ ಚಿಕ್ಕ ಟಾರ್ಚಿಗೆ ಕಪ್ಪು ಕಾಗದದ ಕೊಳವೆ ಸುತ್ತಿ, ಬೆಳಕು ಆ ಚೀಟಿಯ ಮೇಲೆ ಮಾತ್ರ ಬೀಳುವ ಹಾಗೆ ಇಡಿ.

ಈಗ ಚಿತ್ರದಲ್ಲಿ ಎರಡು ಬೆಳಕಿದೆ. ಒಂದು ಅಲುಗುವ ಉರಿಯದ್ದು, ಇನ್ನೊಂದು ಅಲುಗದ ಟಾರ್ಚಿನದ್ದು. ಓಡಿಸಿ ನೋಡಿದಾಗ ಚೀಟಿಯೂ ಪಕಪಕ ಅಂದರೆ ತಪ್ಪು ಕ್ಯಾಮೆರಾದ್ದು. ಚೀಟಿ ಸುಮ್ನೆ ಇದ್ದು ಉಳಿದದ್ದು ಮಾತ್ರ ಹೊಡೆದುಕೊಂಡರೆ ಕ್ಯಾಮೆರಾ ಸರಿಯಿದೆ, ಉರಿಯನ್ನೋ ಕೋಣೆಯನ್ನೋ ನೋಡಬೇಕು.

ಚೀಟಿ ಇಟ್ಟುಕೊಂಡು ಮೂರು ಸುತ್ತು ಮಾಡಿ. ಪ್ರತಿ ಸುತ್ತಿಗೆ 30 ಫೋಟೋ ಸಾಕು. ಮೊದಲ ಸುತ್ತಿನಲ್ಲಿ ಮೇಣದಬತ್ತಿ ಹಚ್ಚಲೇಬೇಡಿ. ಬರೀ ಟಾರ್ಚ್, ಏನನ್ನೂ ಸರಿಸಬೇಡಿ, ಟೈಮರ್ ಹಾಕಿ ತೆಗೆಯಿರಿ. ಎರಡನೆಯದರಲ್ಲಿ ಮೇಣದಬತ್ತಿ ಹಚ್ಚಿ, ನೀವು ಕೋಣೆಯ ದೂರದ ಮೂಲೆಯಲ್ಲಿ ಅಲುಗದೆ ಕೂತುಕೊಳ್ಳಿ. ಮೂರನೆಯದರಲ್ಲಿ ಪ್ರತಿ ಫೋಟೋಗೂ ಮೇಜಿನ ಹತ್ತಿರ ಬಂದು, ಗೊಂಬೆ ಸರಿಸಿದಂತೆ ಕೈ ಆಡಿಸಿ, ನಿಮ್ಮ ಜಾಗಕ್ಕೆ ಹೋಗಿ. ಗೊಂಬೆ ಮುಟ್ಟಬೇಡಿ. ತಪ್ಪು ಯಾವ ಸುತ್ತಿನಲ್ಲಿ ಮೊದಲು ಕಾಣಿಸಿಕೊಂಡಿತೋ ಅಲ್ಲಿಗೇ ನಿಂತು, ಅದನ್ನು ಸರಿಮಾಡಿ ಮುಂದಿನ ಸುತ್ತಿಗೆ ಹೋಗಿ.

ನಮ್ಮದು ಮೊದಲ ಸುತ್ತಿನಲ್ಲೇ ಹೊಡೆದುಕೊಂಡಿತು. ಮೇಣದಬತ್ತಿ ಹಚ್ಚೇ ಇರಲಿಲ್ಲ! ನಾಲ್ಕು ರಾತ್ರಿ ಸುಮ್ನೆ ಅದಕ್ಕೆ ಬೈದಿದ್ದೆವು.

ಕ್ಯಾಮೆರಾ

ಮೊದಲು ಆಟೋ ಇರುವುದನ್ನೆಲ್ಲ ಮ್ಯಾನುಯಲ್ ಮಾಡಿ. ಶಟರ್ (ಬೆಳಕು ಎಷ್ಟು ಹೊತ್ತು ಒಳಗೆ ಬರಬೇಕು), ಅಪರ್ಚರ್ (ಲೆನ್ಸ್ ಎಷ್ಟು ತೆರೆದಿರಬೇಕು), ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ), ವೈಟ್ ಬ್ಯಾಲೆನ್ಸ್ (ಬಣ್ಣದ ಹದ), ಫೋಕಸ್, ಐದೂ. ಇದರಲ್ಲಿ ಜನ ಮರೆಯುವುದು ವೈಟ್ ಬ್ಯಾಲೆನ್ಸನ್ನು. ಬೆಳಕು ಸಮ ಇದ್ದು ಬಣ್ಣ ಮಾತ್ರ ಒಂದು ಫೋಟೋದಲ್ಲಿ ಕಿತ್ತಳೆ, ಮುಂದಿನದರಲ್ಲಿ ಹಳದಿ ಆಗುತ್ತಿದ್ದರೆ ಅದು ಆಟೋದಲ್ಲೇ ಉಳಿದಿದೆ ಅಂತ ಅರ್ಥ.

ಮೊಬೈಲಿನಲ್ಲಿ ತೆಗೆಯುವವರಿಗೆ ಕಾಟ ಕೊಡುವುದು ನೈಟ್ ಮೋಡ್ ಮತ್ತು ಎಚ್‌ಡಿಆರ್. ಕತ್ತಲೆ ಕಂಡ ಕೂಡಲೇ ಫೋನು ತಾನೇ ಹಲವು ಫೋಟೋ ತೆಗೆದು ಸೇರಿಸಿ, ಕತ್ತಲೆಯನ್ನು ತೆಳು ಮಾಡಿ ಕೊಡುತ್ತದೆ. ಪ್ರತಿ ಸಲ ಬೇರೆ ಬೇರೆ ಥರ ಕೊಡುತ್ತದೆ. ಎರಡನ್ನೂ ಆಫ್ ಮಾಡಿ, ಎಲ್ಲವನ್ನೂ ನಾವೇ ಇಡಬಹುದಾದ ಪ್ರೊ ಮೋಡಿಗೆ ಹೋಗಿ. ಸ್ಟಾಪ್ ಮೋಷನ್ ಸ್ಟುಡಿಯೋದಂಥ ಆಪ್ ಆದರೆ ಒಳಗಡೆ ಎಲ್ಲವನ್ನೂ ಲಾಕ್ ಮಾಡಿಕೊಳ್ಳಬಹುದು. ಇನ್ನೊಂದು ವಿಷಯ. ಎರಡು ಮೂರು ಲೆನ್ಸ್ ಇರುವ ಫೋನು ವಸ್ತು ಹತ್ತಿರ ಬಂದಾಗ ತಾನಾಗಿ ಇನ್ನೊಂದು ಲೆನ್ಸಿಗೆ ಹಾರುತ್ತದೆ. ಚಿತ್ರ ಇದ್ದಕ್ಕಿದ್ದಂತೆ ಸ್ವಲ್ಪ ಅಗಲವಾಗಿ ಮತ್ತೆ ಸರಿಹೋದರೆ ಇದೇ ಕಾರಣ.

ಎಲ್ಲವನ್ನೂ ಮ್ಯಾನುಯಲ್ ಮಾಡಿದ ಮೇಲೂ ಚೀಟಿ ಪಕಪಕ ಅನ್ನುತ್ತದೆಯೇ? ನಿಮ್ಮದು ಲೆನ್ಸ್ ಬದಲಿಸುವ ಕ್ಯಾಮೆರಾನೇ? ಹಾಗಿದ್ದರೆ ನಮ್ಮದೇ ತಪ್ಪು ನಿಮ್ಮದೂ ಇರಬಹುದು. ಲೆನ್ಸ್ ಒಳಗೆ ಕಣ್ಣಿನ ಪಾಪೆ ಥರ ಹಿಗ್ಗಿ ಕುಗ್ಗುವ ಸಣ್ಣ ಲೋಹದ ಎಲೆಗಳಿವೆ. ಅಪರ್ಚರ್ ಅಂದರೆ ಅವುಗಳ ನಡುವಿನ ಕಿಂಡಿ, ಎಫ್ ನಂಬರು ಅದರ ಅಳತೆ. ನಂಬರು ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ನೀವು ಎಫ್ 5.6 ಅಂತ ಇಟ್ಟರೂ ಅವು ಸದಾ ಅಲ್ಲೇ ನಿಂತಿರುವುದಿಲ್ಲ. ಬಟನ್ ಒತ್ತಿದಾಗ 5.6ಕ್ಕೆ ಮುಚ್ಚಿಕೊಂಡು, ಫೋಟೋ ಆದ ಮೇಲೆ ಮತ್ತೆ ಪೂರ್ತಿ ತೆರೆದುಕೊಳ್ಳುತ್ತವೆ. ಪ್ರತಿ ಸಲ ಕೂದಲೆಳೆಯಷ್ಟು ಹೆಚ್ಚು ಕಡಿಮೆ ಆಗುತ್ತದೆ. ಒಂದೇ ಫೋಟೋ ನೋಡಿದರೆ ಗೊತ್ತೇ ಆಗದು. ಸೆಕೆಂಡಿಗೆ ಹನ್ನೆರಡು ಓಡಿಸಿದರೆ ಕಣ್ಣಿಗೆ ಹೊಡೆಯುತ್ತದೆ.

ಪರೀಕ್ಷೆ ಸುಲಭ. ಲೆನ್ಸನ್ನು ಪೂರ್ತಿ ತೆರೆದು, ಎಫ್ 1.8 ಇದ್ದರೆ 1.8ಕ್ಕೇ ಇಟ್ಟು ಮೊದಲ ಸುತ್ತನ್ನು ಮತ್ತೆ ಮಾಡಿ. ಆಗ ಎಲೆಗಳು ಅಲುಗುವುದೇ ಇಲ್ಲ. ಹೊಡೆತ ನಿಂತರೆ ಕಳ್ಳ ಸಿಕ್ಕಿದ ಹಾಗೆ.

ಆದರೆ 1.8ರಲ್ಲಿ ಅಜ್ಜಿಯ ಮೂಗು ಸ್ಪಷ್ಟ, ಮನೆ ಮಂಜು. ಗೊಂಬೆ ಕೆಲಸಕ್ಕೆ ಅದು ಸಾಲದು. ಇದಕ್ಕೆ ಎರಡು ದಾರಿ. ಕೆಲವು ಕ್ಯಾಮೆರಾಗಳಲ್ಲಿ, ಅಪರ್ಚರ್ ಇಟ್ಟು, ಫೋಟೋ ತೆಗೆಯುವ ಮೊದಲೇ ಎಲೆಗಳನ್ನು ಮುಚ್ಚಿ ತೋರಿಸುವ ಮುನ್ನೋಟದ ಬಟನ್ ಒತ್ತಿ ಹಿಡಿದು, ಲೆನ್ಸ್ ಬಿಡಿಸುವ ಗುಂಡಿ ಒತ್ತಿ ಲೆನ್ಸನ್ನು ತುಸುವೇ ತಿರುಗಿಸುತ್ತಾರೆ. ಸಂಪರ್ಕ ತಪ್ಪಿ ಎಲೆಗಳು ಇದ್ದಲ್ಲೇ ನಿಲ್ಲುತ್ತವೆ. ನಡೆಯುತ್ತದೆ, ಆದರೆ ಲೆನ್ಸ್ ಪೂರ್ತಿ ಕೂತಿರುವುದಿಲ್ಲ. ಕೈ ತಾಗಿದರೆ ಬೀಳುವ ಭಯ. ಮಕ್ಕಳ ಜೊತೆ ಕೆಲಸ ಮಾಡುವ ನನಗೆ ಅದು ಬೇಡ ಅನ್ನಿಸಿತು. ಎರಡನೆಯ ದಾರಿ, ಅಪರ್ಚರ್ ಬಳೆಯನ್ನು ಕೈಯಲ್ಲೇ ತಿರುಗಿಸುವ ಹಳೆಯ ಲೆನ್ಸ್. ಇಟ್ಟ ಕಡೆಯೇ ನಿಲ್ಲುತ್ತದೆ. ನಾನು ಮುಂಬಯಿಯ ಹಳೆ ಸಾಮಾನಿನ ಪೇಟೆ ಚೋರ್ ಬಜಾರಿನ ಮಟನ್ ಸ್ಟ್ರೀಟಿನಲ್ಲಿ ಒಂದು ಕೊಂಡೆ. ಕೊಳ್ಳುವ ಮೊದಲು ಬೆಳಕಿಗೆ ಹಿಡಿದು ಒಳಗೆ ಜೇಡರ ಬಲೆಯಂಥ ಎಳೆಗಳಿವೆಯೇ ನೋಡಿ. ಮುಂಬಯಿಯ ತೇವಕ್ಕೆ ಹಳೆಯ ಲೆನ್ಸಿನಲ್ಲಿ ಬೂಷ್ಟು ಬೇಗ ಹಿಡಿಯುತ್ತದೆ. ನಿಮ್ಮ ಕ್ಯಾಮೆರಾಕ್ಕೆ ಹೊಂದುವ ಅಡಾಪ್ಟರ್ ಸಿಗುತ್ತದೆಯೇ ಅಂತಲೂ ಮೊದಲೇ ವಿಚಾರಿಸಿ. ಮೊಬೈಲಿನವರಿಗೆ ಬಹುಮಟ್ಟಿಗೆ ಈ ತಾಪತ್ರಯ ಇಲ್ಲ, ಹೆಚ್ಚಿನ ಫೋನುಗಳಲ್ಲಿ ಅಪರ್ಚರ್ ಬದಲಾಗುವುದೇ ಇಲ್ಲ.

ಎಡಿಟಿಂಗಿನಲ್ಲಿ ಬೆಳಕಿನ ಏರಿಳಿತವನ್ನು ಸಮ ಮಾಡುವ ಡಿಫ್ಲಿಕರ್ ಹಾಕಿದರೆ ಆಯಿತಲ್ಲ ಅಂತ ಕೇಳುವವರಿದ್ದಾರೆ. ಎಲೆಗಳಿಂದ ಬರುವ ಹೊಡೆತಕ್ಕೆ ಅದು ನಿಜವಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಇಡೀ ಚಿತ್ರ ಒಂದೇ ಸಮ ಏರಿಳಿಯುತ್ತದೆ. ಉರಿ ಅಲುಗಿ ನೆರಳು ಜಾಗ ಬದಲಿಸಿದ್ದಕ್ಕೆ ಅದರಿಂದ ಏನೂ ಆಗದು. ನೆರಳನ್ನು ಅದು ಹಿಂದಕ್ಕೆ ತರಲಾರದು.

ಕೋಣೆ, ಮತ್ತು ಕೋಣೆಯಲ್ಲಿರುವ ನೀವು

ಲೆನ್ಸ್ ಸರಿಯಾದ ಮೇಲೆ ಮೊದಲ ಸುತ್ತು ನೀರಿನ ಹಾಗೆ ಶಾಂತ ಬಂತು. ಎರಡನೆಯದರಲ್ಲೂ ದೊಡ್ಡ ತೊಂದರೆ ಇರಲಿಲ್ಲ, ನೆರಳು ತುಸು ಉದ್ದವಾದಂತೆ ಕಂಡಿತು ಅಷ್ಟೇ. ಅದನ್ನು ಬರೆದಿಟ್ಟುಕೊಂಡೆವು. ಮೂರನೆಯದರಲ್ಲಿ ಮತ್ತೆ ಹೊಡೆತ! ಆದರೆ ಈ ಸಲ ಚೀಟಿ ಶಾಂತ. ಮೇಣದ ಮನೆಯ ಬಲಗೋಡೆ ಮಾತ್ರ ಬದಲಾಗುತ್ತಿತ್ತು.

ಒಂದೊಂದೇ ಫೋಟೋ ಮುಂದೆ ಸರಿಸಿ ನೋಡಿದೆವು. ಎರಡರಲ್ಲಿ ಗೋಡೆ ಹಳದಿ. ಮುಂದಿನ ಎರಡರಲ್ಲಿ ಸಾದಾ. ಮತ್ತೆ ಎರಡು ಹಳದಿ, ಎರಡು ಸಾದಾ. 30 ಫೋಟೋ ಹೀಗೇ. ಹುಡುಗ ತನ್ನ ಎದೆ ನೋಡಿಕೊಂಡ. ಹಳದಿ ಟೀ ಶರ್ಟು ಹಾಕಿದ್ದ. ನಾವು ಸರದಿಯಲ್ಲಿ ಕೆಲಸ ಮಾಡುತ್ತಿದ್ದೆವು. ಎರಡು ಫೋಟೋಗೆ ಅವನು, ಎರಡಕ್ಕೆ ನಾನು. ಗೊಂಬೆ ಸರಿಸಿದವರು ಮೇಜಿನ ಬಲಗಡೆಯ ಕುರ್ಚಿಯಲ್ಲೇ ಕೂತು ರಿಮೋಟ್ ಒತ್ತುವುದು. ಮೇಣದಬತ್ತಿಯ ಬೆಳಕು ಅವನ ಅಂಗಿಗೆ ಬಡಿದು ಮನೆಯ ಗೋಡೆಗೆ ತಿರುಗಿ ಬರುತ್ತಿತ್ತು. ನನ್ನದು ಕಡುನೀಲಿ ನೈಟಿ, ಅದರಿಂದ ಏನೂ ತಿರುಗಿ ಬರುತ್ತಿರಲಿಲ್ಲ. ಮೇಣ ಪಕ್ಕದ ಬಣ್ಣವನ್ನು ಬೇಗ ಎತ್ತಿಕೊಳ್ಳುತ್ತದೆ. ಮಣ್ಣಿನ ಗೋಡೆ ಆಗಿದ್ದರೆ ಇಷ್ಟು ಕಾಣುತ್ತಿರಲಿಲ್ಲವೇನೋ.

ಹಾಗಾಗಿ ಹೊಡೆತಕ್ಕೆ ಒಂದು ಲೆಕ್ಕ ಇದೆಯೇ ಅಂತ ನೋಡುವುದು ಬಹಳ ಮುಖ್ಯ. ಎರಡು ಬಿಟ್ಟು ಎರಡು, ಐದು ಬಿಟ್ಟು ಒಂದು, ಹೀಗೆ ಲೆಕ್ಕ ಸಿಕ್ಕಿದರೆ ಅದು ಕೋಣೆಯಲ್ಲಿರುವ ಮನುಷ್ಯರ ಕೆಲಸ. ಉರಿ ಎಣಿಸಿಕೊಂಡು ಅಲುಗುವುದಿಲ್ಲ. ಈಗ ನಾವಿಬ್ಬರೂ ಕಪ್ಪು ಅಂಗಿ ಹಾಕುತ್ತೇವೆ. ಫೋಟೋ ತೆಗೆಯುವಾಗ ಯಾವಾಗಲೂ ಅದೇ ಜಾಗ, ಅದೇ ಕುರ್ಚಿ. ಲ್ಯಾಪ್‌ಟಾಪಿನ ಪರದೆ ಗೋಡೆಯ ಕಡೆ ತಿರುಗಿರುತ್ತದೆ.

ಚಿತ್ರದ ಒಂದೇ ಬದಿ ನಿಧಾನವಾಗಿ ಬೆಳಗುತ್ತಾ ಹೋದರೆ ಕಿಟಕಿ ನೋಡಿ. ಪರದೆಯ ಸಂದಿಯಲ್ಲಿ ಬೀದಿ ದೀಪ, ಎದುರು ಮನೆಯ ಟ್ಯೂಬ್‌ಲೈಟು ಬರುತ್ತಿರಬಹುದು. ಚಿತ್ರದಲ್ಲಿ ಅಡ್ಡ ಪಟ್ಟಿಗಳು ಕಂಡರೆ ಅದು ಪ್ಲಗ್ಗಿಗೆ ಸಿಕ್ಕಿಸಿದ ದೀಪದ್ದು. ನಮ್ಮ ಕರೆಂಟು 50 ಹರ್ಟ್ಸಿನದ್ದು. ಅದಕ್ಕೆ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರನ್ನು 1/50ಕ್ಕಿಂತ ನಿಧಾನ ಮಾಡಿದರೆ ಪಟ್ಟಿ ಬಹುಮಟ್ಟಿಗೆ ಹೋಗುತ್ತದೆ. ಆ ದೀಪ ಆರಿಸಿದರೆ ಇನ್ನೂ ಒಳ್ಳೆಯದು.

ಬೆಳಕು ಸರಿಯಿದ್ದು ಇಡೀ ಚಿತ್ರವೇ ಒಂದು ಕೂದಲಷ್ಟು ಜಿಗಿಯುವುದು ಬೇರೆ ರೋಗ. ಟ್ರೈಪಾಡ್ ಅಲುಗಿದೆ, ಅಥವಾ ಮೇಜು. ನಮ್ಮ ಕಟ್ಟಡ ರೈಲು ಹಳಿಯ ಹತ್ತಿರ ಇದೆ. ಒಂದು ಸ್ಟೀಲ್ ಲೋಟದಲ್ಲಿ ನೀರು ತುಂಬಿ ಮೇಜಿನ ಮೇಲಿಟ್ಟು ಟಾರ್ಚ್ ಬಿಟ್ಟು ನೋಡಿ. ಫಾಸ್ಟ್ ಲೋಕಲ್ ಹೋದಾಗ ನೀರಿನ ಮೇಲೆ ಸಣ್ಣ ಸಣ್ಣ ಉಂಗುರ ಏಳುತ್ತವೆ. ಉಂಗುರ ಇರುವಾಗ ಬಟನ್ ಒತ್ತಬೇಡಿ. ನಾವೀಗ ಕೊನೆಯ ಲೋಕಲ್ ಹೋದ ಮೇಲೆ, ರಾತ್ರಿ ಒಂದು ಗಂಟೆ ದಾಟಿದ ನಂತರ ಕೂರುತ್ತೇವೆ. ಆಗ ಕಿಟಕಿಗಳೂ ಕತ್ತಲೆ. ಗೂಡ್ಸ್ ಗಾಡಿ ಬಂದರೆ ಕಾಯುವುದು. ಟ್ರೈಪಾಡ್ ಕಾಲುಗಳನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ, ಚಾಪೆ ಮೇಲಾಗಲಿ ಮಂಚದ ಮೇಲಾಗಲಿ ಇಡಬೇಡಿ. ಮುಂಬಯಿಯ ದಾದರಿನಲ್ಲಿ 1912ರಲ್ಲಿ ದಾದಾಸಾಹೇಬ್ ಫಾಲ್ಕೆ ಕುಂಡದಲ್ಲಿ ಬಟಾಣಿ ಬಿತ್ತಿ, ಅದು ಮೊಳೆತು ಗಿಡ ಆಗುವುದನ್ನು ದಿನಗಟ್ಟಲೆ ಒಂದೊಂದೇ ಫ್ರೇಮ್ ಹಿಡಿದು, ಸಿನಿಮಾ ಅಂದರೆ ಏನು ಅಂತ ಹಣ ಹಾಕುವವರಿಗೆ ತೋರಿಸಿದರು. ಕ್ಯಾಮೆರಾ ಅಷ್ಟು ದಿನ ಒಂದೇ ಕಡೆ ನಿಂತಿತ್ತು. ಕಾಲು ನೋಯುವಾಗ ನನಗೆ ಆ ಬಟಾಣಿ ನೆನಪಾಗುತ್ತದೆ.

ಈಗ ಉರಿ

ಮೂರು ಸುತ್ತಿನ ನಂತರ ಉಳಿದದ್ದು ಉರಿಯದ್ದೇ ತಪ್ಪು. ಇಲ್ಲಿ ಎರಡು ಬೇರೆ ಬೇರೆ ಕಾಯಿಲೆಗಳಿವೆ. ಒಂದು ಕುಡಿ ಕುಣಿಯುವುದು, ಇನ್ನೊಂದು ಮೇಣದಬತ್ತಿ ಕುಳ್ಳಗಾಗುವುದು. ಮೊದಲನೆಯದನ್ನು ಎಲ್ಲರೂ ಗಮನಿಸುತ್ತಾರೆ. ನನ್ನ ಪ್ರಕಾರ ಎರಡನೆಯದೇ ಚಿತ್ರವನ್ನು ಜಾಸ್ತಿ ಕೆಡಿಸುತ್ತದೆ.

ಕುಣಿತದ ವಿಷಯ ಮೊದಲು ಹೇಳಿಬಿಡುತ್ತೇನೆ. ಗಾಳಿ ಇಲ್ಲದ ಕಡೆ, ಬತ್ತಿ ಚಿಕ್ಕದಾಗಿದ್ದರೆ, ಒಂಟಿ ಮೇಣದಬತ್ತಿ ಹೆಚ್ಚು ಕಡಿಮೆ ಅಲುಗುವುದೇ ಇಲ್ಲ. ಬತ್ತಿ ಉದ್ದವಾದಾಗ, ತುದಿಯಲ್ಲಿ ಅಣಬೆಯಂಥ ಕಪ್ಪು ಗಂಟು ಕಟ್ಟಿದಾಗ ಉರಿ ದೊಡ್ಡದಾಗಿ, ಹೊಗೆ ಬಿಟ್ಟು ಕುಣಿಯಲು ಶುರುಮಾಡುತ್ತದೆ. ಆರಿಸಿ, ಬತ್ತಿಯನ್ನು 6 ಮಿಲಿಮೀಟರಿಗೆ ಕತ್ತರಿಸಿ. ಮತ್ತೆ ಹಚ್ಚಿ ಹತ್ತು ನಿಮಿಷ ಬಿಡಿ. ಬತ್ತಿಯ ಸುತ್ತ ಕರಗಿದ ಮೇಣ ಮೊದಲಿನಷ್ಟೇ ಆದ ಮೇಲೆ ಫೋಟೋ ತೆಗೆಯಿರಿ. ಮಳೆಗಾಲದಲ್ಲಿ ಬತ್ತಿ ಚಟಪಟ ಅಂದರೆ ತೇವ ಹಿಡಿದಿದೆ. ಮೇಣದಬತ್ತಿಗಳನ್ನು ಗಾಳಿಯಾಡದ ಡಬ್ಬಿಯಲ್ಲಿಡಿ.

ಬೆಳಕು ಸಾಲದು ಅಂತ ನಾಲ್ಕೈದು ಮೇಣದಬತ್ತಿಗಳನ್ನು ಒತ್ತೊತ್ತಾಗಿ ನಿಲ್ಲಿಸಬೇಡಿ. ಕುಡಿಗಳು ಕೂಡಿಕೊಂಡು ಒಂದೇ ದೊಡ್ಡ ಉರಿಯ ಹಾಗೆ, ಸೆಕೆಂಡಿಗೆ ಸುಮಾರು ಹತ್ತು ಹನ್ನೆರಡು ಸಲ ಮಿಡಿಯುತ್ತವೆ. ದೂರ ದೂರ ಇಟ್ಟರೆ ಒಂದು ಕುಗ್ಗಿದಾಗ ಇನ್ನೊಂದು ಹಿಗ್ಗಿರುತ್ತದೆ, ಒಟ್ಟು ಬೆಳಕು ಸಮ ಆಗುತ್ತದೆ. ಆದರೆ ನೆರಳೂ ನಾಲ್ಕೈದಾಗುತ್ತದೆ ಅನ್ನುವುದು ನೆನಪಿರಲಿ. ನಮ್ಮ ಉಸಿರೂ ಗಾಳಿಯೇ ಅಲ್ವಾ? ಗೊಂಬೆ ಸರಿಸಿ, ಹಿಂದೆ ಬಂದು ಕೂತು, ಹತ್ತು ಎಣಿಸಿ ಆಮೇಲೆ ಒತ್ತಿ.

ಈ ಮಿಡಿತವನ್ನು ಪಳಗಿಸುವ ನಿಜವಾದ ಹಿಡಿ ಇರುವುದು ಶಟರಿನಲ್ಲಿ. 1/60 ಸೆಕೆಂಡಿನಲ್ಲಿ ತೆಗೆದರೆ ಮಿಡಿತದ ಒಂದು ಚೂರು ಮಾತ್ರ ಸಿಗುತ್ತದೆ. ಒಂದರಲ್ಲಿ ಹಿಗ್ಗಿದ ಉರಿ, ಮುಂದಿನದರಲ್ಲಿ ಕುಗ್ಗಿದ್ದು. ಎರಡು ಸೆಕೆಂಡ್ ತೆರೆದಿಟ್ಟರೆ ಇಪ್ಪತ್ತು ಮಿಡಿತ ಒಂದೇ ಫೋಟೋದಲ್ಲಿ ಬೆರೆತು ಸಮ ಆಗುತ್ತವೆ. ಬೊಂಬೆ ಹೇಗೂ ಅಲುಗುವುದಿಲ್ಲ, ನಮಗೆ ಅವಸರ ಏನಿದೆ? ಮೇಣದಬತ್ತಿಯ ಹತ್ತಿರ ಇರುವ ಗೊಂಬೆಗೆ ಐಎಸ್‌ಒ 100, ಎಫ್ 5.6, ಎರಡು ಸೆಕೆಂಡ್. ನನ್ನ ಮೇಜಿಗೆ ಇದು ಸರಿಯಾಗಿ ಕೂತಿದೆ, ಅಲ್ಲಿಂದ ಶುರುಮಾಡಿ.

ಆದರೆ ಪೂರ್ತಿ ಅಲುಗದ ಮೇಣದಬತ್ತಿ ಬೆಳಕು ಬಲ್ಬಿನ ಹಾಗೆ ಸತ್ತಂತೆ ಕಾಣುತ್ತದೆ. ನಮಗೆ ಬೇಡದ್ದು ಕ್ಯಾಮೆರಾದ ಹೊಡೆತ, ಅಂಗಿಯ ಹೊಡೆತ. ಉರಿಯ ಉಸಿರು ನಮಗೆ ಬೇಕು. ಅಷ್ಟು ಕಷ್ಟಪಟ್ಟು ಮೇಣದಬತ್ತಿಯಲ್ಲೇ ತೆಗೆಯುವುದು ಅದಕ್ಕಾಗಿಯೇ. ಎಷ್ಟು ಬೇಕು ಅನ್ನುವುದನ್ನು ಶಟರಿನಿಂದಲೇ ಆರಿಸಿಕೊಳ್ಳಿ. ಎರಡು ಸೆಕೆಂಡ್ ಅಂದರೆ ಶಾಂತ. ಅರ್ಧ ಸೆಕೆಂಡ್ ಅಂದರೆ ಮೆಲ್ಲಗೆ ಉಸಿರಾಡಿದಂತೆ, ಆಗ ಐಎಸ್‌ಒ 400. ಭಯದ ದೃಶ್ಯ ಇದ್ದರೆ 1/30ಕ್ಕೆ ಹೋಗಿ. ಅಪರ್ಚರ್ ಎಫ್ 2, ಐಎಸ್‌ಒ 800 ಮಾಡಿದರೆ ಬೆಳಕಿನ ಮಟ್ಟ ಅಷ್ಟೇ ಇರುತ್ತದೆ. ಇನ್ನೊಂದು ಉಪಾಯ ನನಗೆ ತುಂಬಾ ಇಷ್ಟ. ಗೊಂಬೆಯ ಪ್ರತಿ ಭಂಗಿಗೂ ಎರಡು ಫೋಟೋ ತೆಗೆದು ಸೆಕೆಂಡಿಗೆ 24ರಂತೆ ಓಡಿಸಿ. ಗೊಂಬೆ ಸೆಕೆಂಡಿಗೆ ಹನ್ನೆರಡೇ ಸಲ ಸರಿಯುತ್ತದೆ, ಬೆಳಕು ಮಾತ್ರ ಇಪ್ಪತ್ತನಾಲ್ಕು ಸಲ ಬದಲಾಗುತ್ತದೆ. ಗೊಂಬೆ ಸುಮ್ನೆ ನಿಂತಾಗಲೂ ಅದರ ಮುಖದ ಮೇಲೆ ಜೀವ ಇರುತ್ತದೆ.

ಉರಿ ಚಿತ್ರದ ಒಳಗೇ ಕಾಣಬೇಕು ಅಂದರೆ ಎರಡು ಸೆಕೆಂಡಿನಲ್ಲಿ ಅದು ಬಿಳಿ ಮುದ್ದೆ ಆಗುತ್ತದೆ. ಬೇರೇನೂ ಮುಟ್ಟದೆ 1/30ರಲ್ಲಿ ಇನ್ನೊಂದು ಫೋಟೋ ತೆಗೆದು, ಎಡಿಟಿಂಗಿನಲ್ಲಿ ಉರಿಯನ್ನು ಮಾತ್ರ ಅದರಿಂದ ಎತ್ತಿ ಸೇರಿಸಿ. ಕೆಲಸ ಎರಡರಷ್ಟು, ಆದರೆ ಕುಡಿಯ ನೀಲಿ ಬುಡದ ತನಕ ಕಾಣುತ್ತದೆ.

ಕುಳ್ಳಗಾಗುವ ಮೇಣದಬತ್ತಿ

ಸುಮಾರು ಎರಡು ಸೆಂಟಿಮೀಟರ್ ದಪ್ಪದ ಮೇಣದಬತ್ತಿ ಗಂಟೆಗೆ ಹೆಚ್ಚು ಕಡಿಮೆ ಎರಡೂವರೆ ಸೆಂಟಿಮೀಟರ್ ಇಳಿಯುತ್ತದೆ. ಅಷ್ಟೇ ತಾನೇ ಅನ್ನಿಸುತ್ತದೆ. ನೆರಳಿಗೆ ಅದು ಎಷ್ಟಾಗುತ್ತದೆ ನೋಡಿ. ಉರಿ ಮೇಜಿನಿಂದ 20 ಸೆಂಟಿಮೀಟರ್ ಮೇಲಿದೆ. 10 ಸೆಂಟಿಮೀಟರ್ ಎತ್ತರದ ಅಜ್ಜಿ ಅದರಿಂದ 30 ಸೆಂಟಿಮೀಟರ್ ದೂರ ನಿಂತಿದ್ದಾಳೆ. ಅವಳ ನೆರಳು 30 ಸೆಂಟಿಮೀಟರ್ ಉದ್ದ. ಉರಿ ಬರೀ ಎರಡು ಸೆಂಟಿಮೀಟರ್ ಇಳಿಯಲಿ, ನೆರಳು ಮೂವತ್ತೇಳೂವರೆ ಆಗುತ್ತದೆ. ಏಳೂವರೆ ಸೆಂಟಿಮೀಟರ್ ಬೆಳೆಯಿತು! ತೆಗೆಯುವಾಗ ಒಂದು ಗಂಟೆಯಲ್ಲಿ ಆದದ್ದು, ಓಡಿಸುವಾಗ ಏಳು ಸೆಕೆಂಡಿನಲ್ಲಿ ಆಗುತ್ತದೆ. ಅಜ್ಜಿಯ ಕಾಲ ಬುಡದಿಂದ ನೆರಳು ಹಾವಿನಂತೆ ಹರಿದುಹೋಗುತ್ತದೆ. ಎರಡನೆಯ ಸುತ್ತಿನಲ್ಲಿ ನಾವು ಬರೆದಿಟ್ಟುಕೊಂಡಿದ್ದು ಇದನ್ನೇ.

ಇದಕ್ಕೆ ನಮಗೆ ಸಿಕ್ಕ ಮದ್ದು ಇಸ್ಪೀಟ್ ಎಲೆ. ಒಂದು ಫೋಟೋಗೆ ನಮಗೆ 40 ಸೆಕೆಂಡ್ ಹಿಡಿಯುತ್ತದೆ. ಅಷ್ಟರಲ್ಲಿ ಮೇಣದಬತ್ತಿ 0.28 ಮಿಲಿಮೀಟರ್ ಇಳಿಯುತ್ತದೆ. ಒಂದು ಇಸ್ಪೀಟ್ ಎಲೆ ಸುಮಾರು 0.3 ಮಿಲಿಮೀಟರ್ ದಪ್ಪ. ಅಂದರೆ ಒಂದು ಫೋಟೋಗೆ ಒಂದು ಎಲೆ. ಮರಳು ತುಂಬಿದ ಸ್ಟೀಲ್ ಡಬ್ಬಿಯಲ್ಲಿ ಮೇಣದಬತ್ತಿ ನಿಲ್ಲಿಸಿ, ಡಬ್ಬಿಯನ್ನು ಚಿಕ್ಕ ಟೈಲ್ಸ್ ತುಂಡಿನ ಮೇಲಿಟ್ಟಿದ್ದೇವೆ. ಪ್ರತಿ ಫೋಟೋ ಆದ ಮೇಲೆ ಹುಡುಗ ಎಡಗೈ ಹೆಬ್ಬೆರಳಿನಿಂದ ಟೈಲ್ಸನ್ನು ತುಸು ಎತ್ತುತ್ತಾನೆ, ಬಲಗೈಯಿಂದ ಒಂದು ಎಲೆ ಒಳಗೆ ತೂರಿಸುತ್ತಾನೆ. ನಾನು ಗೊಂಬೆ ಸರಿಸುತ್ತೇನೆ. ಒಂದು ಕಟ್ಟಿನ 52 ಎಲೆಯೂ ಮುಗಿದಾಗ ಅವನ್ನೆಲ್ಲ ತೆಗೆದು ಅದೇ ದಪ್ಪದ ಹಲಗೆ ಇಡುತ್ತೇವೆ, ಮತ್ತೆ ಮೊದಲ ಎಲೆಯಿಂದ ಶುರು. ಇಲ್ಲದಿದ್ದರೆ ಎಲೆಗಳ ರಾಶಿ ಎತ್ತರವಾಗಿ ವಾಲುತ್ತದೆ. ಫ್ರೇಮಿನ ಹೊರಗೆ ಎರಡು ಬಾಟಲಿ ನಿಲ್ಲಿಸಿ ಅವುಗಳ ನಡುವೆ ಒಂದು ನೂಲು ಕಟ್ಟಿದ್ದೇವೆ. ಬತ್ತಿಯ ಬುಡ ಸದಾ ಆ ನೂಲಿನ ನೇರಕ್ಕೆ ಇರಬೇಕು. ಹೆಚ್ಚು ಕಡಿಮೆ ಆದರೆ ಒಂದು ಎಲೆ ಬಿಡುವುದು ಅಥವಾ ಎರಡು ಹಾಕುವುದು. ನಿಮ್ಮ ಮೇಣದಬತ್ತಿ ಬೇರೆ, ನಿಮ್ಮ ವೇಗ ಬೇರೆ. ಅರ್ಧ ಗಂಟೆ ಉರಿಸಿ, ಸ್ಕೇಲಿನಿಂದ ಅಳೆದು ನಿಮ್ಮ ಲೆಕ್ಕ ಹಾಕಿಕೊಳ್ಳಿ.

ಇಷ್ಟೆಲ್ಲ ಬೇಡ, ಉರಿ ಫ್ರೇಮಿನಲ್ಲಿ ಕಾಣುವುದೂ ಇಲ್ಲ ಅನ್ನುವುದಾದರೆ ಗಾಜಿನ ಚಿಮಣಿ ಇರುವ ಲಾಟೀನು ಇಟ್ಟುಕೊಳ್ಳಿ. ಅದರ ಕುಡಿ ಒಂದೇ ಎತ್ತರದಲ್ಲಿರುತ್ತದೆ, ಗಾಳಿಯೂ ತಾಗುವುದಿಲ್ಲ. ಬೆಳಕಿನ ಬಣ್ಣವೂ ಹತ್ತಿರ ಹತ್ತಿರ ಅದೇ.

ಉಳಿದ ಸಣ್ಣಪುಟ್ಟ ತೊಂದರೆಗಳು

ಗೊಂಬೆಯ ಮುಖದಲ್ಲಿ ವಿವರವೇ ಇಲ್ಲದೆ ಬರೀ ಕಿತ್ತಳೆ ಬಣ್ಣ ಬಳಿದಂತೆ ಇದ್ದರೆ ಕೆಂಪು ಮಿತಿ ಮೀರಿದೆ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಕಡಿಮೆ ಆದಷ್ಟೂ ಕೆಂಪು. ಮೇಣದಬತ್ತಿ ಬೆಳಕು ಸುಮಾರು 1900 ಕೆಲ್ವಿನ್. ಹಲವು ಕ್ಯಾಮೆರಾಗಳು 2500ಕ್ಕಿಂತ ಕೆಳಗೆ ಇಳಿಯುವುದಿಲ್ಲ. ವೈಟ್ ಬ್ಯಾಲೆನ್ಸನ್ನು 2500ಕ್ಕೆ ಇಟ್ಟು, ರಾ ಫೈಲಿನಲ್ಲಿ (ಆಮೇಲೆ ಬಣ್ಣ ತಿದ್ದಲು ಅನುಕೂಲವಾದ ಕಚ್ಚಾ ಫೈಲ್), ಬೆಳಕು ಸ್ವಲ್ಪ ಕಡಿಮೆ ಇರುವಂತೆ ತೆಗೆಯಿರಿ. ಬೆಳಕು ಎಷ್ಟಿದೆ ಅಂತ ಕ್ಯಾಮೆರಾ ತೋರಿಸುವ ನಕ್ಷೆ, ಅಂದರೆ ಹಿಸ್ಟೋಗ್ರಾಮಿನಲ್ಲಿ ಕೆಂಪು ಗೆರೆಯನ್ನೇ ಬೇರೆಯಾಗಿ ನೋಡಿ.

ಗೊಂಬೆ ತಾನಾಗಿ ಬಗ್ಗುತ್ತಿದ್ದರೆ ಅದು ಶಾಖಕ್ಕೆ. ಮೇಣದ ಮನೆ ಅಂದೆನಲ್ಲ, ಅದನ್ನು ಕೊಂಡದ್ದು ಮುಂಬಯಿಯ ಬಾಂದ್ರಾದ ಮೌಂಟ್ ಮೇರಿ ಚರ್ಚಿನ ಜಾತ್ರೆಯಲ್ಲಿ. ಸೆಪ್ಟೆಂಬರ್ 8ರ ನಂತರದ ಭಾನುವಾರ ಶುರುವಾಗಿ ಒಂದು ವಾರ ನಡೆಯುತ್ತದೆ. ಸ್ವಂತ ಮನೆ ಆಗಲಿ ಅಂತ ಹರಕೆ ಹೊತ್ತವರು ಮೇಣದ ಮನೆ, ಕಾಲು ನೋವು ವಾಸಿಯಾಗಲಿ ಅನ್ನುವವರು ಮೇಣದ ಕಾಲು ಕೊಂಡು ಒಪ್ಪಿಸುತ್ತಾರೆ. ಆ ಮನೆಯ ಮಾಡಿನ ಅಂಚು ಎರಡನೆಯ ರಾತ್ರಿ ಮೆತ್ತಗಾಗಿ ಕೆಳಗೆ ಬಾಗಿತು. ಉರಿಯಿಂದ 25 ಸೆಂಟಿಮೀಟರ್ ದೂರ ಇಟ್ಟ ಮೇಲೆ ಮತ್ತೆ ಆಗಲಿಲ್ಲ. ಕ್ಲೇ ಗೊಂಬೆಯೂ ಅಷ್ಟೇ, ಒಳಗೆ ತಂತಿ ಇರಲೇಬೇಕು.

ಚಿತ್ರ ದಿನದಿಂದ ದಿನಕ್ಕೆ ಮಸುಕಾದರೆ ಲೆನ್ಸಿನ ಮೇಲೆ ಮಸಿ ಕೂತಿದೆ, ಒರೆಸಿ. ಅರ್ಧ ಗಂಟೆಗೊಮ್ಮೆ ಮೇಣದಬತ್ತಿ ಆರಿಸಿ ಕಿಟಕಿ ಬಾಗಿಲು ತೆರೆಯಿರಿ. ಮುಚ್ಚಿದ ಕೋಣೆಯಲ್ಲಿ ಮಕ್ಕಳ ಜೊತೆ ಇದನ್ನು ಮರೆಯಲೇಬಾರದು. ಕೈಗೆ ಸಿಗುವಂತೆ ಒಂದು ದೊಡ್ಡ ಸ್ಟೀಲ್ ಮುಚ್ಚಳ ಇರಲಿ. ಮೇಣಕ್ಕೆ ಬೆಂಕಿ ಹತ್ತಿಕೊಂಡರೆ ನೀರು ಹಾಕಬೇಡಿ, ಸಿಡಿಯುತ್ತದೆ. ಮುಚ್ಚಳ ಮುಚ್ಚಿಬಿಡಿ.

ಒಂದೇ ದೃಶ್ಯವನ್ನು ಎರಡು ರಾತ್ರಿ ತೆಗೆದರೆ ನಡುವೆ ಒಂದು ಜಿಗಿತ ಕಾಣುತ್ತದೆ. ಇದಕ್ಕೆ ಒಂದು ನೋಟ್‌ಬುಕ್ ಬೇಕು. ಏಳುವ ಮೊದಲು ಕೊನೆಯ ಫೋಟೋದ ನಂಬರು, ಎಷ್ಟನೆಯ ಎಲೆ, ಬತ್ತಿಯ ಉದ್ದ, ಯಾರು ಯಾವ ಕುರ್ಚಿಯಲ್ಲಿದ್ದರು, ಎಲ್ಲ ಬರೆಯಿರಿ. ಮರುರಾತ್ರಿ ಹತ್ತು ನಿಮಿಷ ಉರಿಸಿ, ನೂಲಿಗೆ ಸರಿಮಾಡಿ, ಕೊನೆಯ ಭಂಗಿಯನ್ನೇ ಮತ್ತೊಮ್ಮೆ ತೆಗೆದು ಹಿಂದಿನದರ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ಆಗುವ ತನಕ ಅಜ್ಜಿಯನ್ನು ಮುಟ್ಟಬೇಡಿ. ನಮ್ಮ ನೋಟ್‌ಬುಕ್ಕಿನ ಕೊನೆಯ ಸಾಲು ಹುಡುಗನ ಅಕ್ಷರದಲ್ಲಿದೆ: "ಫೋಟೋ 213, ಎಲೆ 41, ಬತ್ತಿ 6, ಬಲಗಡೆ ಕುರ್ಚಿ ಅತ್ತೆ. ಅಜ್ಜಿ ಕೈ ಇನ್ನೂ ಅರ್ಧ ಎತ್ತಿದ್ದಾಳೆ."